ಮಿಲ್ಲಿನ ಅಂಗಳಕ್ಕೆ ಎರಡು ಸಹಿ

ಬೆಳಿಗ್ಗೆ ಎದ್ದವಳು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಒಂದು ಎಳೆ ತಪ್ಪಿ, ತಾವರೆಯಾಗಬೇಕಾದದ್ದು ಕುಂಬಳಕಾಯಿಯಾಯಿತು, ಅಳಿಸದೆ ಬಿಟ್ಟೆ. ಹಾಲು ಕಾಯಿಸಿದೆ. ನಮ್ಮನೆಯವರ ಡಬ್ಬಿಗೆ ಎರಡು ರೊಟ್ಟಿ, ಹೀರೇಕಾಯಿ ಪಲ್ಯ ಹಾಕಿ ಅವರನ್ನು ತರೀಕೆರೆ ಬಸ್ಸಿಗೆ ಓಡಿಸಿದೆ. ಡ್ರಮ್ಮಿನ ತಳದ ಹಳೇ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ನಲ್ಲಿ ಬಂದ ಮೇಲೆ ಹೊಸದು ತುಂಬಿಸಿದೆ. ಒಂದು ದಿಂಬಿನ ಚೀಲ ಕಡಿಮೆ ಬಂದಿದೆ ಎಂದು ಇಸ್ತ್ರಿಯವನ ಜೊತೆ ಬಾಗಿಲಲ್ಲಿ ನಿಂತು ಜಗಳ ಆಡಿ, ಒಳಗೆ ಬಂದು ನೋಡಿದರೆ ಚೀಲ ದಿಂಬಿಗೇ ಹಾಕಿತ್ತು. ಹುಣಸೆಹಣ್ಣು ಬಿಡಿಸಲು ಕೂತು ಅರ್ಧಕ್ಕೆ ಎದ್ದೆ. ಕೊನೆಗೆ ಚಟ್ನಿಪುಡಿಗೆಂದು ಕಡಲೆಕಾಯಿ ಬೀಜ ಹುರಿಯಲು ಬಾಣಲೆ ಇಟ್ಟೆ.

ಬಾಣಲೆಯ ಮುಂದೆ ನಿಂತವಳ ಯೋಚನೆ ಬೇರೆ ಕಡೆ ಹೋಗಬಾರದು. ಹೋಯಿತು. ಬೀಜ ಒಂದು ಮಗ್ಗುಲು ಕಪ್ಪಾಗಿ, ಸೀದ ಎಣ್ಣೆಯ ವಾಸನೆ ಅಡುಗೆಮನೆ ತುಂಬ ಎದ್ದಿತು. ಒಲೆ ಆರಿಸಿದೆ. ಕಿಟಕಿ ತೆಗೆಯಬೇಕಿತ್ತು, ತೆಗೆಯಲಿಲ್ಲ. ಅಲ್ಲೇ ಮಣೆ ಹಾಕಿಕೊಂಡು ಕೂತುಬಿಟ್ಟೆ. ಅದು ನಮ್ಮ ಬೀದಿಯ ಹಳೇ ವಾಸನೆ ನೋಡಿ. ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಹೊಸದರಲ್ಲಿ ವಿಳಾಸ ಕೇಳಿದವರಿಗೆ ನಮ್ಮ ಮಾವ ಮನೆ ನಂಬರು ಹೇಳುತ್ತಿರಲಿಲ್ಲ. "ಸ್ಟೇಷನ್ನಿಂದ ನಡ್ಕೊಂಡು ಬನ್ನಿ. ಎಲ್ಲಿ ಹಿಂಡಿ ವಾಸನೆ ಬತ್ತದೋ ಅಲ್ಲಿ ಬಲಕ್ಕೆ ತಿರುಗಿ" ಅನ್ನುತ್ತಿದ್ದರು. ಬೀದಿಯ ಕೊನೆಗೆ ಕಡಲೆಕಾಯಿ ಎಣ್ಣೆ ಮಿಲ್ಲು. ಎಣ್ಣೆ ಹೋದ ಮೇಲೆ ಉಳಿದ ಹಿಂಡಿಯನ್ನು ದನಕ್ಕೆಂದು ಒಯ್ಯಲು ಗಾಡಿಗಳು ಸಾಲು ನಿಲ್ಲುತ್ತಿದ್ದವು. ನಮ್ಮ ಸೀರೆ, ತಲೆಗೂದಲು, ದೇವರ ಮನೆಯ ಹೂವು ಎಲ್ಲಕ್ಕೂ ಅದೇ ವಾಸನೆ. ತವರಿಗೆ ಹೋದಾಗ ನನ್ನ ತಂಗಿ ಮೂಗು ಮುಚ್ಚಿಕೊಂಡು "ಅಕ್ಕ ಬಂದ್ಲು, ಹಸೂನ ಹಿಡ್ಕೊಳ್ರಪ್ಪಾ" ಅಂದಿದ್ದಳು.

ನಾನು ಹೇಳಹೊರಟ ಹೊತ್ತಿಗೆ ಮಿಲ್ಲು ನಿಂತು ಬಹಳ ವರ್ಷವಾಗಿತ್ತು. ಯಂತ್ರ ಗುಜರಿಗೆ ಹೋಗಿ, ಷೆಡ್ಡು ಕುಸಿದು, ಉಳಿದದ್ದು ಅಂಗಳ ಒಂದೇ. ಆದರೆ ಎಂಥ ಅಂಗಳ ಅಂತೀರಿ! ಕಡಲೆಕಾಯಿ ಒಣಗಿಸಲೆಂದು ಮಿಲ್ಲಿನವರು ಹಾಕಿಸಿದ ಸಿಮೆಂಟಿನ ನೆಲ, ಚೌಕ ಚೌಕವಾಗಿ ಗೀರು ಎಳೆದದ್ದು. ಒಂದು ಮರದ ನೆರಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬಿದ್ದದ್ದು ಬಿದ್ದಂತೆ ಇರುತ್ತಿತ್ತು. ಮಿಲ್ಲು ನಡೆಯುತ್ತಿದ್ದ ಕಾಲದಿಂದಲೂ ಬೇಸಿಗೆಯಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಅದೇ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯ ಸಾಮ್ರಾಜ್ಯ. ಯಾರಿಗೆ ಯಾವ ಚೌಕ ಎಂಬುದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಎರಡನೇ ಸಾಲಿನ ಮೂರನೇ ಚೌಕ ನಮ್ಮದು. ಅದು ನಮ್ಮತ್ತೆಗೆ ಅವರ ಅತ್ತೆಯಿಂದ ಬಂದದ್ದು. ನಮ್ಮತ್ತೆ ಹಾಸಿಗೆ ಹಿಡಿದಿದ್ದಾಗ ಒಂದು ದಿನ ನನ್ನನ್ನು ಹತ್ತಿರ ಕರೆದರು. ಬಂಗಾರದ ವಿಷಯವೇನೋ ಎಂದು ಬಾಗಿಲು ಮುಂದೆ ಮಾಡಿ ಬಂದು ಕೂತೆ. "ನೋಡು, ಎರಡ್ನೇ ಸಾಲಿನ ಚೌಕ ಬಿಟ್ಕೊಡ್ಬೇಡ. ಬಸಮ್ಮ ಮೆತ್ತಗೆ ಚಾಪೆ ಸರಸ್ತಾಳೆ" ಅಂದರು. ಅವರು ನನಗೆ ಬಿಟ್ಟುಹೋದ ಸ್ಥಿರಾಸ್ತಿ ಅದೊಂದೇ. ಪಕ್ಕದ ಮನೆ ಬಸಮ್ಮ ಚಾಪೆ ಸರಿಸುತ್ತಿದ್ದದ್ದೂ ನಿಜ.

ಅಷ್ಟರಲ್ಲಿ ಅಜ್ಜಂಪುರ ತಾಲ್ಲೂಕಾಯಿತು. ಆಗುವುದಕ್ಕೆ ಮೊದಲು ನಾವು ತರೀಕೆರೆ ತಾಲ್ಲೂಕಿನವರು. ಒಂದು ಪಹಣಿ ಬೇಕೆಂದರೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಬೇಕು. ಈಗ ಆಫೀಸುಗಳು ನಮ್ಮೂರಿಗೇ ಬಂದವು. ಆಫೀಸುಗಳ ಹಿಂದೆ ಆಫೀಸರುಗಳು ಬಂದರು. ಅವರು ಇರಲಿಕ್ಕೆ ಮನೆ ಬೇಕು ಎಂದು ಗೊತ್ತಾದದ್ದೇ, ನಿನ್ನೆಯವರೆಗೆ ಈರುಳ್ಳಿ ತುಂಬಿದ್ದ ಕೋಣೆಗಳಿಗೆಲ್ಲ ಸುಣ್ಣ ಬಿದ್ದು, ಮುಂದೆ ಒಂದು ಗೇಟು ನಿಂತು, ಅವು 'ಸಿಂಗಲ್ ಬೆಡ್‌ರೂಂ' ಆದವು. ನಮ್ಮ ಎದೆಯೂ ಸ್ವಲ್ಪ ಅಗಲವಾಯಿತು, ಸುಳ್ಳು ಯಾಕೆ ಹೇಳಲಿ. ಬೀರೂರಿನಿಂದ ಬಂದ ನೆಂಟರಿಗೆ ನಾನೂ "ನಮ್ಮದು ತಾಲ್ಲೂಕ್ ಸೆಂಟ್ರು" ಎಂದು ಎರಡು ಸಲ ಹೇಳಿದ್ದೆ.

ಮಿಲ್ಲಿನ ಅಂಗಳದ ಒಡೆಯರು ಮಹೇಶ್ವರಪ್ಪನವರು, ಎಣ್ಣೆಯಷ್ಟೇ ಮೃದುವಾದ ಮನುಷ್ಯ. ಊರಿನ ನಕ್ಷೆಯಲ್ಲಿ ಆ ಜಾಗಕ್ಕೆ ನೀಲಿ ಬಣ್ಣ ಬಳಿದಿತ್ತಂತೆ. ನೀಲಿ ಎಂದರೆ ವಾಣಿಜ್ಯ, ಅಂಗಡಿ ಮುಂಗಟ್ಟಿಗೆ ಮೀಸಲು. ಹಳದಿ ಎಂದರೆ ವಸತಿ, ಮನೆ ಕಟ್ಟಬಹುದು. ದೊಡ್ಡ ಬ್ಯಾಂಕು ಬರುತ್ತದೆ, ಟ್ರ್ಯಾಕ್ಟರ್ ಶೋರೂಂ ಬರುತ್ತದೆ ಎಂದು ಮಹೇಶ್ವರಪ್ಪ ಕಾದರು. ಬಂದದ್ದು ಒಂದು ಸರ್ಕಸ್ಸು, ಅದೂ ಮೂರು ದಿನಕ್ಕೆ ಡೇರೆ ಕಿತ್ತಿತು. ಬೇಸತ್ತು ಅವರು ಅಂಗಳವನ್ನು ಸಣ್ಣ ಸಣ್ಣ ಸೈಟು ಮಾಡಿ ಮನೆ ಕಟ್ಟುವವರಿಗೆ ಕೊಡುವುದೆಂದು ತೀರ್ಮಾನಿಸಿ, ನೀಲಿಯನ್ನು ಹಳದಿ ಮಾಡಿಕೊಡಿ ಎಂದು ಅರ್ಜಿ ಹಾಕಿದರು. ತಕರಾರಿದ್ದವರು ಹೇಳಿಕೊಳ್ಳಬಹುದು ಎಂದು ಗೋಡೆಗೆ ನೋಟೀಸು ಅಂಟಿತು. ನಮ್ಮೂರಿನವರು ತಕರಾರಿಲ್ಲದೆ ಇದ್ದವರು. ನೋಟೀಸು ನೋಡಿದ ಮೇಲೆ ಎಲ್ಲರಿಗೂ ಒಂದೊಂದು ಹುಟ್ಟಿತು. ಹೋಟೆಲಿನಲ್ಲಿ, ಹಾಲಿನ ಡೇರಿಯಲ್ಲಿ, ಮಠದ ಪ್ರಸಾದದ ಪಂಕ್ತಿಯಲ್ಲೂ ಒಂದೇ ಮಾತು: "ನೀನು ನೀಲೀನೋ ಹಳದೀನೋ?"

ನೀಲಿಯ ಮುಖಂಡರು ಪಾತ್ರೆ ಅಂಗಡಿಯ ಪರಮೇಶಣ್ಣ. ಅಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಎದ್ದು, ಅದಕ್ಕೊಂದು ಲಿಫ್ಟು ಬರಬೇಕೆಂಬುದು ಅವರ ಕನಸು. "ಕಡೂರಲ್ಲಿ ನೋಡು, ತರೀಕೆರೇಲಿ ನೋಡು. ನಾವೇನು ಕಮ್ಮಿನಾ? ಲಿಫ್ಟಿಲ್ದಿದ್ ಮ್ಯಾಲೆ ಅದೆಂಥ ತಾಲ್ಲೂಕು?" ಎನ್ನುತ್ತಿದ್ದರು. ಕಡೂರಿನಲ್ಲಿ ಲಿಫ್ಟು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅವರು ಹೇಳುವ ಧಾಟಿಗೆ ಇದ್ದೇ ಇರಬೇಕು ಅನ್ನಿಸುತ್ತಿತ್ತು.

ಹಳದಿಗೆ ಮುಖಂಡರು ಅಂತ ಇರಲಿಲ್ಲ. ಅದರ ಅಗತ್ಯ ಇದ್ದವರು ಮಾತ್ರ ನಮ್ಮ ಹಿತ್ತಿಲ ಗೋಡೆಯ ಆಚೆಗೇ ಇದ್ದರು: ನೂರ್‌ಜಾನ್ ಟೀಚರು, ನಮ್ಮ ಬೀದಿಯ ಅಂಗನವಾಡಿ ಟೀಚರು. ನಮ್ಮ ಬೀದಿಯಲ್ಲಿ ಈಗ ಮೀಸೆ ಬಂದವರೆಲ್ಲ ಒಂದು ಕಾಲದಲ್ಲಿ ಅವರ ಮುಂದೆ ಮೂಗು ಒರೆಸಿಕೊಂಡು ಅಳುತ್ತ ಕೂತವರೇ. ಗಂಡನಿಗೆ ಬೀರೂರಿನ ಗ್ಯಾರೇಜಿನಲ್ಲಿ ಕೆಲಸ. ಮನೆಯಲ್ಲಿ ವಯಸ್ಸಾದ ಅತ್ತೆ. ನಾನು ಕಂಡಂತೆಯೇ ಅವರು ಆರು ಬಾಡಿಗೆ ಮನೆ ಬದಲಾಯಿಸಿದ್ದರು. ಅವರ ತಾಯಿ ಕೊಟ್ಟ ಕಬ್ಬಿಣದ ಬೀರು ಒಂದಿತ್ತು, ಆನೆಯಂಥದ್ದು. ಯಾವ ಮನೆ ನೋಡಲು ಹೋದರೂ ಟೀಚರು ನೀರು ಹೇಗೆ, ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಪರ್ಸಿನಿಂದ ಟೇಪು ತೆಗೆದು ಬಾಗಿಲಿನ ಅಗಲ ಅಳೆಯುತ್ತಿದ್ದರು. ಒಂದು ಮನೆಯಲ್ಲಂತೂ ಬೀರು ಒಳಗೆ ಹೋಗದೆ ಎರಡು ವರ್ಷ ಜಗಲಿಯಲ್ಲಿ ನಿಂತಿತ್ತು. ಟಪಾಲಿನವನು ಅದರ ಬಾಗಿಲಿಗೇ ಕಾಗದ ಸಿಕ್ಕಿಸಿ ಹೋಗುತ್ತಿದ್ದ.

ಆ ದಿನ ನಾನು ಬಟ್ಟೆ ಹರವುತ್ತಿದ್ದಾಗ ಟೀಚರು ಗೋಡೆಯ ಮೇಲಿಂದ ಮುಖ ಎತ್ತಿದರು.

"ಅಕ್ಕಾ, ಓನರ್ ರೇವಣ್ಣೋರು ಮನೆ ಖಾಲಿ ಮಾಡಿ ಅಂದ್ರು."

"ಯಾಕಂತೆ?"

"ಯಾರೋ ಆಫೀಸರು ಬರ್ತಾರಂತೆ. ನಾನು ಕೇಳ್ದೆ, ಆಫೀಸರಿಗೆ ಬೀರು ಇಲ್ವಾ ಅಂತ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮಿಲ್ಲಿನ ಜಾಗದಲ್ಲಿ ಒಂದು ಮೂಲೆ ಸೈಟಿಗೆ ಹೆಸರು ಕೊಟ್ಟಿದೀನಿ ಅಕ್ಕ. ಹಳದಿ ಆದ್ರೆ ನಂಗೆ ಅಂತ ಮಹೇಶ್ವರಪ್ಪೋರು ಮಾತು ಕೊಟ್ಟಿದಾರೆ. ಆಗ್ದಿದ್ರೆ ಈ ಊರಲ್ಲಿ ಇನ್ನು ನಮಗೆ ಬಾಡಿಗೆಗೂ ಮನೆ ಸಿಗಲ್ಲ. ನಮ್ಮನೇವ್ರು ಬೀರೂರಿಗೇ ಹೋಗೋಣ ಅಂತಾವ್ರೆ. ಅಂಗನವಾಡಿ ಬಿಟ್ಬಿಡು ಅಂತಾವ್ರೆ" ಅಂದರು.

"ಆಗುತ್ತೆ ಬಿಡಿ ಟೀಚರ್" ಅಂದೆ. ಅಂದವಳು ಒಳಗೆ ಬಂದು ಎರಡನೇ ಸಾಲಿನ ಮೂರನೇ ಚೌಕವನ್ನು ನೆನೆದು ನಿಟ್ಟುಸಿರು ಬಿಟ್ಟೆ. ಮನುಷ್ಯರ ಮನಸ್ಸು ಎಷ್ಟು ಸಣ್ಣದು ಎಂದು ಬೇರೆ ಕಡೆ ಹುಡುಕಬೇಕಾಗಿಲ್ಲ. ನಮ್ಮದನ್ನೇ ಬಿಚ್ಚಿ ನೋಡಿದರೆ ಸಾಕು, ಅದರೊಳಗೆ ಒಂದು ಸಂಡಿಗೆ ಡಬ್ಬ ಇರುತ್ತದೆ.

ಈಗ ನಮ್ಮ ಕಡೆಯ ಒಂದು ರೂಢಿಯನ್ನು ನಿಮಗೆ ಹೇಳಬೇಕು. ಸಹಿಗೆ ಕಾಗದ ಹಿಡಿದು ಮನೆ ಬಾಗಿಲಿಗೆ ಬಂದವರಿಗೆ ನಾವು ಇಲ್ಲ ಅನ್ನುವುದಿಲ್ಲ. ನೀರು ಕೇಳಿದವರಿಗೆ ಇಲ್ಲ ಅಂದ ಹಾಗೆ ಅದು. ಬಂದವರನ್ನು ಕೂರಿಸುವುದು, ಕಾಫಿ ಕೊಡುವುದು, "ಎಲ್ಲಿ ಹಾಕ್ಬೇಕು?" ಎಂದು ಕೇಳುವುದು. "ಏನಿದು?" ಎಂದು ಕೇಳಿದರೆ ಬಂದವರ ಮೇಲೆ ಅನುಮಾನ ಪಟ್ಟಂತೆ. ನಮ್ಮ ಮಾವ ಹೀಗೆ ಒಮ್ಮೆ ಊರಿಗೆ ಸಾರಾಯಿ ಅಂಗಡಿ ಬೇಕೆಂದೂ, ಅದೇ ವಾರ ಮಠದ ಭಕ್ತರ ಜೊತೆ ಬೇಡವೆಂದೂ ಸಹಿ ಹಾಕಿದ್ದರು. ನಮ್ಮನೆಯವರಂತೂ ತರೀಕೆರೆಯ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವವರು. ದಿನವಿಡೀ ಓದುವುದೇ ಕೆಲಸ, ಸಹಿ ಹಾಕುವ ಕಾಗದವೊಂದನ್ನು ಬಿಟ್ಟು.

ಮೊದಲು ಬಂದವರು ಪರಮೇಶಣ್ಣ. ಕಾಗದದಲ್ಲಿ ಮೂರು ಕಾಲಮ್ಮು: ಹೆಸರು, ಮನೆ ನಂಬರು, ಸಹಿ. "ಸೈಟು ಮಾಡಿದ್ರೆ ಊರು ಹಾಳಾಗ್ತದೆ ಕಣಮ್ಮ. ನಿನ್ ಸಂಡಿಗೆ ಎಲ್ಲಿ ಒಣಗಿಸ್ತೀಯ, ಹೇಳು?" ಅಂದರು. ಎಂಥ ಚಾಣಾಕ್ಷ! ಕಾಂಪ್ಲೆಕ್ಸ್ ಬಂದರೂ ಸಂಡಿಗೆಗೆ ಜಾಗ ಇರುವುದಿಲ್ಲ ಎಂಬುದು ನನಗೆ ಹೊಳೆದದ್ದು ಅವರು ಕಾಫಿ ಕುಡಿದು ಹೋದ ಮೇಲೆ. ನಾನು ಹಾಕಿದೆ, ನಮ್ಮನೆಯವರೂ ಹಾಕಿದರು.

ಎರಡು ದಿನ ಬಿಟ್ಟು ನೂರ್‌ಜಾನ್ ಟೀಚರು ಬಂದರು. ಮಹೇಶ್ವರಪ್ಪನವರಿಗೆ ಮಂಡಿ ನೋವು. ಮನೆ ಬೇಕೆಂಬ ಮನವಿಯ ಹಾಳೆಗಳನ್ನು ಸೈಟಿಗೆ ಹೆಸರು ಕೊಟ್ಟವರ ಕೈಗೇ ಹಂಚಿದ್ದರು. ಟೀಚರು ಅಂಗನವಾಡಿ ಮುಗಿಸಿ, ಉರಿಬಿಸಿಲಿನಲ್ಲಿ ಮನೆಮನೆ ತಿರುಗಿ ಬಂದಿದ್ದರು.

"ನಿಮ್ಮನೇಗೆ ಕೊನೇಲಿ ಬಂದೆ ಅಕ್ಕ. ನೀವು ಹೆಂಗೂ ಹಾಕ್ತೀರಲ್ಲ."

ನನಗೆ ಕಾಗದ ಕಾಣಿಸಲಿಲ್ಲ, ಅವರ ಹವಾಯಿ ಚಪ್ಪಲಿಯ ಧೂಳು ಕಾಣಿಸಿತು. ಬೇಗ ಬೇಗ ಸಹಿ ಹಾಕಿ, ಮಜ್ಜಿಗೆ ತರುತ್ತೇನೆಂದು ಒಳಗೆ ಓಡಿ, ಮಜ್ಜಿಗೆಗೆ ಉಪ್ಪನ್ನು ಎರಡು ಸಲ ಹಾಕಿದೆ. ಅವರು ಅದನ್ನೇ ಪೂರ್ತಿ ಕುಡಿದರು.

"ನಿಮ್ಮ ಸಹಿ ಎಲ್ಲಿ ಟೀಚರ್?" ಎಂದು ಹಾಳೆ ತಿರುವಿ ಕೇಳಿದೆ.

"ಮನೆ ನಂಬರು ಅಂತ ಕಾಲಮ್ ಐತಲ್ಲ ಅಕ್ಕ. ರೇವಣ್ಣೋರು ನಮ್ಮನೆ ನಂಬರ್ ಬರೀಬೇಡಿ ಅಂದ್ರು."

ಆಮೇಲೆ ನೆನಪು ಮಾಡಿಕೊಂಡರೆ, ಇಷ್ಟು ವರ್ಷದಲ್ಲಿ ಬೀದಿದೀಪಕ್ಕೆ, ಚರಂಡಿಗೆ, ಬಸ್ ಸ್ಟಾಪಿಗೆ ಎಂದು ನಮ್ಮ ಬೀದಿಗೆ ಬಂದ ಒಂದು ಕಾಗದವೂ ಅವರ ಬಾಗಿಲು ತಟ್ಟಿರಲಿಲ್ಲ. ಬಾಡಿಗೆಯವರ ಸಹಿ ಯಾರಿಗೆ ಬೇಕು? ನಾನೂ ಅದನ್ನು ಗಮನಿಸಿದವಳಲ್ಲ.

ವಿಚಾರಣೆ ಸಮುದಾಯ ಭವನದಲ್ಲಿ. ಮದುವೆಗೆ ಹಾಕುವ ಕೆಂಪು ಕುರ್ಚಿಗಳೇ. ಜನವೂ ಮದುವೆಗೆ ಬಂದಂತೆಯೇ ಬಂದಿದ್ದರು. ಬಸಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಕಚೇರಿಯಿಂದ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು, ನಲವತ್ತರ ಒಳಗಿನವರು. ಎರಡು ಕಂತೆ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ತಿರುವಿದರು.

"ಬಸಮ್ಮ ಅಂದ್ರೆ ಯಾರು?"

"ಇದ್ದೀನಿ ಮೇಡಂ."

"ಅಲ್ಲಿ ಮನೆ ಬೇಕು ಅಂತೀರೋ, ಬೇಡ ಅಂತೀರೋ?"

"ಯಾವ್ದು ಬರ್ದೈತೆ ಮೇಡಂ?"

"ಎರಡೂ ಬರ್ದಿದೆ."

ಬಸಮ್ಮ ಒಂದು ಕ್ಷಣ ಯೋಚಿಸಿದಳು. "ಹಂಗಾರೆ ಎರಡೂ ಇರ್ಲಿ ಬಿಡಿ."

ಸಭೆ ಗೊಳ್ಳೆಂದಿತು. ಮೇಡಂ ನಗಲಿಲ್ಲ, ಮುಂದಿನ ಹೆಸರು ಓದಿದರು. ಅದೂ ಎರಡೂ ಕಡೆ. ಅದರ ಮುಂದಿನದೂ. ಇಡೀ ಬೀದಿ ಒಂದು ಮನೆ ಬಿಡದಂತೆ ಬೇಕು ಎಂದೂ ಬೇಡ ಎಂದೂ ಸಹಿ ಹಾಕಿತ್ತು. ಪ್ರತಿ ಹೆಸರಿಗೂ ಸಭೆ ನಗುತ್ತ ಹೋಯಿತು, ತಮ್ಮ ಹೆಸರು ಬಂದವರು ಮಾತ್ರ ನಗು ನಿಲ್ಲಿಸಿ ತಲೆ ಕೆರೆದುಕೊಂಡರು.

"ಇದೇನ್ರೀ, ಮಹೇಶ್ವರಪ್ಪ ಅಂದ್ರೆ..."

"ನಾನೇ ಮೇಡಂ, ಅರ್ಜಿದಾರ." ಮಹೇಶ್ವರಪ್ಪ ಮಂಡಿ ಹಿಡಿದುಕೊಂಡು ಎದ್ದರು.

"ನಿಮ್ಮ ಅರ್ಜಿಗೆ ನೀವೇ ತಕರಾರು ಹಾಕಿದೀರಲ್ಲ?"

ಮಹೇಶ್ವರಪ್ಪನವರ ಬೋಳುತಲೆ ಕೆಂಪಾಯಿತು. "ಅದು ಮೇಡಂ, ಪರಮೇಶಿ ಮನೆ ತನಕ ಬಂದಿದ್ದ. ಹಾಕಲ್ಲ ಅಂದ್ರೆ ಬೇಜಾರು ಮಾಡ್ಕೊತಾನೇನೋ ಅಂತ..."

ಪರಮೇಶಣ್ಣ ಕುರ್ಚಿಯ ಕೈ ತಟ್ಟಿಕೊಂಡು ನಕ್ಕರು. ಮುಂದಿನ ಹೆಸರು ಅವರ ಹೆಂಡತಿ ಗೌರಮ್ಮನವರದು, ಮನೆ ಬೇಕು ಎಂಬ ಕಂತೆಯಲ್ಲಿ. ಪರಮೇಶಣ್ಣನ ಕೈ ಕುರ್ಚಿಯ ಮೇಲೇ ನಿಂತಿತು.

"ಲೇ, ನೀನೂನಾ?"

"ಟೀಚರು ಬಂದಿದ್ರು ಕಣ್ರೀ. ನಮ್ ಪುಟ್ಟಿ ಕೈಗೆ ಬಳಪ ಹಿಡಿಸಿದೋರು. ಆಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆಮೇಲೆ ನನ್ನ ಹೆಸರು ಬಂತು. ಎರಡೂ ಕಡೆ. ನೂರ್‌ಜಾನ್ ಟೀಚರು ನನಗಿಂತ ಎರಡು ಸಾಲು ಮುಂದೆ ಕೂತಿದ್ದರು. ಅಲ್ಲಿಯವರೆಗೆ ಒಂದು ಸಲವೂ ತಿರುಗದಿದ್ದವರು ಆಗ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಚಡ್ಡಿ ಒದ್ದೆ ಮಾಡಿಕೊಂಡು 'ನಾನಲ್ಲ' ಅಂದ ಮಗುವನ್ನು ಅವರು ಹೇಗೆ ನೋಡುತ್ತಾರೋ ಹಾಗೆ. ಬಯ್ದಿದ್ದರೆ ಚೆನ್ನಾಗಿತ್ತು.

ಮೇಡಂ ಎರಡೂ ಕಂತೆಗಳನ್ನು ಒಂದರ ಮೇಲೊಂದು ಇಟ್ಟು ಪಕ್ಕಕ್ಕೆ ಸರಿಸಿದರು. "ಇದನ್ನ ನಾನು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಇಲ್ಲೇ ಎದ್ದು ನಿಂತು ಹೇಳಿ. ಒಬ್ಬರಿಗೆ ಒಂದೇ ಮಾತು."

ಮನೆಗೆ ಬಂದವರಿಗೆ ಇಲ್ಲ ಅನ್ನದವರು, ಮುಖಾಮುಖಿ ಕೂತವರಿಗೆ ಅನ್ನುತ್ತಾರೆಯೇ? ಯಾರೂ ಏಳಲಿಲ್ಲ. ಕೊನೆಗೆ ಎದ್ದವರು ಟೀಚರು.

"ಹೆಸರು ನೂರ್‌ಜಾನ್ ಮೇಡಂ. ಅಲ್ಲಿ ಮನೆ ಆಗಲಿ ಅಂತ ನನ್ನ ಮಾತು."

ಮೇಡಂ ಕಂತೆ ನೋಡಿದರು. "ನಿಮ್ಮ ಹೆಸರು ಎರಡರಲ್ಲೂ ಇಲ್ಲವಲ್ಲ. ಮನೆ ನಂಬರ್ ಎಷ್ಟು?"

ಪರಮೇಶಣ್ಣ ಕೂತಲ್ಲಿಂದಲೇ, "ಅವ್ರು ಬಾಡಿಗೇರು ಮೇಡಂ. ಸ್ಥಳೀಕರಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನೆಂಟರ ಪರಿಚಯ ಹೇಳುವ ಹಾಗೆ ಅಂದರು. ಅದೇ ಹೆಚ್ಚು ಚುಚ್ಚಿತು.

ಟೀಚರು ಅವರ ಕಡೆ ತಿರುಗಲಿಲ್ಲ. "ಮನೆ ನಂಬರ್ ಇದ್ದಿದ್ರೆ ನಾನ್ಯಾಕೆ ಮೇಡಂ ಇಲ್ಲಿಗೆ ಬರ್ತಿದ್ದೆ?" ಅಂದರು. ಅಂದು, ಸೆರಗು ಸರಿ ಮಾಡಿಕೊಂಡು ಕೂತರು.

ಹಿಂದಿನ ಸಾಲಿನಲ್ಲಿ ಯಾರೋ ನಗಲು ಶುರು ಮಾಡಿ ಅರ್ಧಕ್ಕೆ ಬಿಟ್ಟರು. ನಾನು ಸಭೆಗೆಂದು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಪಟ್ಟಣದ ಅಭಿವೃದ್ಧಿ, ಸಾರ್ವಜನಿಕ ಹಿತ, ಮುಂದಿನ ಪೀಳಿಗೆ. ಎರಡೂ ಕಡೆಗೆ ಹೊಂದುವಂಥ ಮಾತುಗಳು. ಎದ್ದು ನಿಂತೆ. ಒಂದೂ ನೆನಪಿಗೆ ಬರಲಿಲ್ಲ.

"ಮೇಡಂ, ನಾನು ಬೇಡ ಅಂತ ಸಹಿ ಹಾಕಿದ್ದು ಸಂಡಿಗೆಗೆ" ಅಂದೆ.

"ಏನಕ್ಕೆ?"

"ಸಂಡಿಗೆ ಒಣಗಿಸೋಕೆ. ಎರಡನೇ ಸಾಲು, ಮೂರನೇ ಚೌಕ. ನಮ್ಮತ್ತೆ ಕಾಲದಿಂದ ನಮ್ಮದು."

"ಲೇ, ಕೂತ್ಕೊಳ್ಳೇ" ಎಂದು ನಮ್ಮನೆಯವರು ಸೆರಗು ಎಳೆದರು. ಬಸಮ್ಮ, "ಮೂರನೇದು ಪೂರ್ತಿ ಇವ್ರದಲ್ಲ ಮೇಡಂ!" ಎಂದು ಕೂಗಿದಳು. ಈಗ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ನಗು ನಿಂತ ಮೇಲೆ ಕೇಳಿದರು:

"ಸರಿ. ಈಗೇನಂತೀರಿ?"

"ಸಂಡಿಗೆ ವರ್ಷಕ್ಕೆ ಎಂಟು ದಿನ ಒಣಗುತ್ತೆ ಮೇಡಂ. ಟೀಚರು ವರ್ಷ ಪೂರ್ತಿ ಎಲ್ಲಾದ್ರೂ ಇರಬೇಕಲ್ಲ. ಮನೆ ಆಗಲಿ."

ಅಷ್ಟು ಹೇಳಿ ಕೂತೆ. ನಾನೇನೋ ಧೈರ್ಯವಂತೆ ಎಂದು ತಿಳಿಯಬೇಡಿ. ಆ ನೋಟ ಮತ್ತೊಮ್ಮೆ ತಿರುಗೀತು ಎಂಬ ಹೆದರಿಕೆಗೆ ಬಂದ ಮಾತು ಅದು. ನಮ್ಮನೆಯವರು ಎದ್ದು "ಇವಳು ಹೇಳಿದಂಗೆ" ಅಂದರು. ಮದುವೆಯಾದ ಮೇಲೆ ಬಹಿರಂಗವಾಗಿ ಅವರು ಆಡಿದ ಅತಿ ಸುಂದರವಾದ ಮಾತು. ಬಸಮ್ಮ ಎದ್ದು, "ನನ್ ಚೌಕಾನೂ ಹೋಗ್ಲಿ ಅತ್ಲಾಗೆ, ಇವ್ಳದ್ದೂ ಹೋಗ್ತದಲ್ಲ, ಸಾಕು" ಅಂದಳು. ಗೌರಮ್ಮ ಗಂಡನ ಮುಖ ನೋಡದೆ ಕೈ ಎತ್ತಿದರು. ಮಹೇಶ್ವರಪ್ಪ ತಮ್ಮ ತಕರಾರನ್ನು ತಾವೇ ವಾಪಸು ಪಡೆದರು. ಲಿಫ್ಟಿನ ಪರವಾಗಿ ಕೊನೆಗೆ ಉಳಿದವರು ಪರಮೇಶಣ್ಣ ಮತ್ತು ಅವರ ನಾಲ್ಕು ಜನ ಅಂಗಡಿಯವರು.

ಆದೇಶ ಅವತ್ತೇ ಬರಲಿಲ್ಲ. ಅಂಥವು ಹಾಗೆ ಬರುವುದಿಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ರೇವಣ್ಣನ ಮನೆಗೆ ಬರಬೇಕಿದ್ದ ಆಫೀಸರಿಗೆ ಬೇರೆ ಕಡೆ ವರ್ಗವಾಗಿ, ರೇವಣ್ಣನೇ ಬಂದು "ಸದ್ಯಕ್ಕೆ ಇರಿ ಟೀಚರೇ" ಅಂದದ್ದರಿಂದ ಅವರು ಬೀರೂರಿಗೆ ಹೋಗುವುದು ತಪ್ಪಿತು. ಆಮೇಲೆ ನಕ್ಷೆಯ ಮೇಲೆ ನೀಲಿ ಹಳದಿಯಾಯಿತು. ಜೆಸಿಬಿ ಬಂದು ಸಿಮೆಂಟಿನ ನೆಲ ಕಿತ್ತ ದಿನ ನಾವು ಹೆಂಗಸರು ಸಾಲಾಗಿ ನಿಂತು ನೋಡಿದೆವು. ನನ್ನ ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಎಂದು ಬಸಮ್ಮನಿಗೆ ಹೇಳಿದೆ. ಅವಳದೂ ಧೂಳೇ ಅಂತೆ. ನಮ್ಮ ಚೌಕ ಇದ್ದಲ್ಲಿ ಈಗ ರಸ್ತೆ. ಸಂಡಿಗೆಯನ್ನು ಈಗ ನಮ್ಮ ಮನೆಯ ಶೀಟಿನ ಮೇಲೆ ಒಣಗಿಸುತ್ತೇನೆ. ಅರ್ಧ ಗಾಳಿಗೆ ಹಾರಿ ಬಸಮ್ಮನ ಹಿತ್ತಿಲು ಸೇರುತ್ತದೆ. ಅವಳು ಈವರೆಗೆ ಒಂದನ್ನೂ ವಾಪಸು ಕೊಟ್ಟಿಲ್ಲ.

ಟೀಚರ ಮನೆ ಎದ್ದಿತು. ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲನ್ನು ಬೀರುವಿಗಿಂತ ಒಂದು ಗೇಣು ಅಗಲ ಇಡಿಸಿದ್ದರು. ಬಡಗಿ "ಏನಮ್ಮಾ, ಆನೆ ಕಟ್ತೀರಾ?" ಎಂದು ಕೇಳಿದನಂತೆ. ಪಕ್ಕದ ಸೈಟನ್ನು ಕೊಂಡವರು ಯಾರು ಗೊತ್ತೇ? ಪರಮೇಶಣ್ಣ! "ವಿರೋಧ ಬೇರೆ, ಸೈಟು ಬೇರೆ ಕಣಮ್ಮ" ಅಂದರು, ನಾಚಿಕೆಯ ಸುಳಿವೂ ಇಲ್ಲದೆ.

ಇವತ್ತು ಮಧ್ಯಾಹ್ನ, ಸೀದ ಬೀಜಗಳನ್ನು ಆರಿಸಿ ಎಸೆದ ಮೇಲೆ ಟೀಚರ ಮನೆಗೆ ಹೋದೆ. ಕಾರಣವೇನೂ ಇರಲಿಲ್ಲ. ಈಗ ಗೋಡೆಯ ಮೇಲಿಂದ ಮಾತಾಡಲಾಗುವುದಿಲ್ಲವಲ್ಲ, ನಡೆದೇ ಹೋಗಬೇಕು. ಅವರು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಕೊತ್ತಂಬರಿ ಬಿಡಿಸಲು ಕೂತೆ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪರಮೇಶಣ್ಣ, ಕಂಕುಳಲ್ಲಿ ಒಂದು ಫೈಲು.

"ಟೀಚರೇ, ಒಂದ್ ಸಣ್ ಸಹಿ ಬೇಕಿತ್ತು."

ಅವರು ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಮನೆಗೆ ಮುಂಬಾಗಿಲು ಒಂದು, ಅಂಗಡಿಯ ಷಟರು ಮೂರು. ಹಳದಿಯ ನಡುವೆ ತಮ್ಮ ಸೈಟಿನಷ್ಟು ಮಾತ್ರ ಮತ್ತೆ ನೀಲಿ ಮಾಡಿಸಬೇಕಂತೆ. ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕೇ ಬೇಕಂತೆ.

"ಬನ್ನಿ ಅಣ್ಣ, ಕೂತ್ಕೊಳ್ಳಿ" ಎಂದು ಟೀಚರು ಕುರ್ಚಿ ಎಳೆದರು. ನಾನು ಕೊತ್ತಂಬರಿ ಬಿಟ್ಟು ನೋಡಿದೆ. ಬಾಗಿಲಿಗೆ ಬಂದವರು, ಮೊದಲನೇ ಸಲ ಅವರ ಬಾಗಿಲಿಗೆ ಬಂದ ಕಾಗದ. ರೂಢಿ ನನಗೆ ಗೊತ್ತು. ಪರಮೇಶಣ್ಣನಿಗೂ ಗೊತ್ತು, ಪೆನ್ನಿನ ಟೋಪಿ ತೆಗೆದೇ ಕೊಟ್ಟರು.

ಟೀಚರು ಪೆನ್ನು ತೆಗೆದುಕೊಂಡು ಟೋಪಿ ಹಾಕಿದರು. ಫೈಲು ಬಿಚ್ಚಿ, ಕನ್ನಡಕ ಏರಿಸಿದರು.

"ಓದೋದೇನೈತೆ ಟೀಚರೇ. ಎಲ್ಲಾ ಸಾರ್ವಜನಿಕ ಹಿತವೇ."

"ಓದ್ತೀನಿ ಅಣ್ಣ. ನನ್ ಮನೆ ನಂಬರ್ ಬರೀಬೇಕಲ್ಲ."

"ಐದಾರು ಹಾಳೆ ಐತೆ..."

"ನೀವು ಮಾತಾಡ್ಬಾರ್ದು. ಮಂಡಕ್ಕಿ ತಿನ್ನಿ" ಅಂದರು, ಅಂಗನವಾಡಿಯ ಧ್ವನಿಯಲ್ಲಿ. ಪರಮೇಶಣ್ಣ ಬಾಯಿ ಮುಚ್ಚಿ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡರು.

ಮಂಡಕ್ಕಿ ಚೆನ್ನಾಗಿತ್ತು. ಹಸಿ ಈರುಳ್ಳಿ, ಹುರಿಗಡಲೆ ಪುಡಿ, ನಿಂಬೆಹುಳಿ, ಜೊತೆಗೆ ಎರಡೆರಡು ಮೆಣಸಿನಕಾಯಿ ಬೋಂಡ. ನಾನು ಎರಡು ಸಲ ಹಾಕಿಸಿಕೊಂಡೆ. ಟೀಚರು ತಮ್ಮ ತಟ್ಟೆ ಮುಟ್ಟಲಿಲ್ಲ. ಬೆರಳಿಟ್ಟು ಸಾಲು ಸಾಲು ಓದುತ್ತ, ನಡುನಡುವೆ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಪ್ರಶ್ನೆಚಿಹ್ನೆ ಹಾಕುತ್ತ ಹೋದರು. ಎರಡನೇ ಹಾಳೆಯ ಹೊತ್ತಿಗೆ ಪರಮೇಶಣ್ಣನ ಕತ್ತು ಒಂದು ಕಡೆ ವಾಲಿತು. ಮೊದಲು ನಿದ್ದೆ ಹೋದವರು ಅವರೇ, ಅರ್ಧ ತಿಂದ ಬೋಂಡ ಕೈಯಲ್ಲಿದ್ದಂತೆಯೇ. ನನಗೂ ಗೋಡೆಗೆ ಒರಗಿದಲ್ಲೇ ಕಣ್ಣು ಎಳೆಯತೊಡಗಿತು.

"ಏನ್ ಮಾಡ್ತೀರಿ ಟೀಚರ್, ಹಾಕ್ತೀರಾ?" ಎಂದು ಪಿಸುಗುಟ್ಟಿದೆ.

"ಗೊತ್ತಿಲ್ಲ ಅಕ್ಕ. ಇನ್ನೂ ಮುಗ್ದಿಲ್ಲ" ಅಂದರು, ಮೂರನೇ ಹಾಳೆ ತಿರುವುತ್ತ.